ಮೇಲುದೊಡ್ಡಿಯಲ್ಲಿ ಬೇಯಿಸಿದ ಬೇಳೆ

ಸಾಹೇಬರ ಹೊಟ್ಟೆ ಸರಿಯಿರಲಿಲ್ಲ. ನನ್ನನ್ನು ಕೆಲಸಕ್ಕೆ ಕರೆಯಲು ಬಂದ ಗುಮಾಸ್ತರು ಮೊದಲು ಹೇಳಿದ್ದೇ ಅದು. ಖಾರ ಕೂಡದು, ಎಣ್ಣೆ ತೇಲಬಾರದು, ಅನ್ನ ಮೆತ್ತಗಿರಬೇಕು, ತೊಗರಿಬೇಳೆಯಂತೂ ಬೆಣ್ಣೆಯ ಹಾಗೆ ಕರಗಿರಬೇಕು. "ಒಂದು ಕಾಳು ಗಟ್ಟಿ ಉಳಿದ್ರೂ ಅವರು ಸಂಕಟಪಡ್ತಾರೆ. ಆಮೇಲೆ ನಾವೆಲ್ಲ ಪಡಬೇಕು" ಅಂದರು.

ಸಾಹೇಬರು ಮಹಾರಾಜರ ಸರ್ಕಾರದಲ್ಲಿ ಒಬ್ಬ ಅಧಿಕಾರಿ. ಯಾವ ಇಲಾಖೆ, ಹೆಸರೇನು ಅನ್ನುವುದು ಇಲ್ಲಿ ಬೇಡ. ಕೆಟ್ಟವರಲ್ಲ. ಅವರ ಖಾಯಂ ಅಡುಗೆಯವನು ಜ್ವರ ಹಿಡಿದು ಮಲಗಿದ್ದ. ಊಟದಲ್ಲಿ ಜಾತಿ ನೋಡುವವರಲ್ಲವಾದ್ದರಿಂದ ಚನ್ನಪಟ್ಟಣದಲ್ಲಿ ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಮ್ಮ ಮನೆಯಲ್ಲಿ ಉಳಿದವರೆಲ್ಲ ಅರಗಿನ ಬೊಂಬೆ ಮಾಡುವವರು. ಸೌಟು ಹಿಡಿದವನು ನಾನೊಬ್ಬನೇ. ಮದುವೆಮನೆಗಳಲ್ಲಿ ಬಿರಿಯಾನಿ ಮಾಡಿ ಹೆಸರು ತೆಗೆದಿದ್ದೆ. ಬೇಳೆ ಬೇಯಿಸುವುದಕ್ಕೆ ನನ್ನನ್ನೇ ಕರೆಯಬೇಕೇ ಎಂದು ಒಳಗೇ ನಕ್ಕು ಒಪ್ಪಿಕೊಂಡೆ.

ಹೋಗಬೇಕಾಗಿದ್ದು ಮೇಲುದೊಡ್ಡಿ ಎಂಬ ಊರಿಗೆ. ಚನ್ನಪಟ್ಟಣದವನಾಗಿ ನಾನು ಆ ಹೆಸರನ್ನೇ ಕೇಳಿರಲಿಲ್ಲ. ಈಗ ಕನಕಪುರ ಅನ್ನುವ ಊರಿಗೆ ಆಗ ಕಾನಕಾನಹಳ್ಳಿ ಅನ್ನುತ್ತಿದ್ದರು. ಸಾತನೂರಿನ ಮೇಲೆ ಆ ಕಡೆಗೆ ಹೋಗುವ ದಾರಿಯಲ್ಲಿ ಗಾಡಿ ಬಿಟ್ಟು, ಕಾಡೊಳಗೆ ನಡೆದು, ಬಂಡೆಯ ಮೇಲೆ ಬಂಡೆ ಇಟ್ಟಂತಿದ್ದ ಬೆಟ್ಟವನ್ನು ಹತ್ತಬೇಕು. ಆ ಊರಿನವರು ಒಂದು ಅರ್ಜಿ ಹಾಕಿಕೊಂಡಿದ್ದರು. ಬೆಟ್ಟದ ಮೇಲೆ ಎರಡು ಬಂಡೆಗಳ ನಡುವೆ ಹಿಂದಿನವರು ಕಟ್ಟಿದ್ದ ಕಟ್ಟೆಯೊಂದು ಒಡೆದು ಹೋಗಿದೆ, ಮಳೆಯ ನೀರೆಲ್ಲ ಇಳಿದುಹೋಗುತ್ತದೆ, ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ, ಸರ್ಕಾರ ಕಟ್ಟೆಯನ್ನು ಮತ್ತೆ ಕಟ್ಟಿಸಿಕೊಡಬೇಕು ಎಂದು. ಅದನ್ನು ಕಣ್ಣಾರೆ ನೋಡಲು ಸಾಹೇಬರು ಹೊರಟಿದ್ದರು. ಅರ್ಜಿಯ ವಿಷಯ ನನಗೆ ಗುಮಾಸ್ತರೇ ದಾರಿಯಲ್ಲಿ ಹೇಳಿದರು. ಅರ್ಜಿ ಕೊಡುವವರೆಲ್ಲ ಇಲ್ಲ ಇಲ್ಲ ಅನ್ನುವವರೇ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಮರೆತೆ.

ಅಡುಗೆಯವನು ಯಾವಾಗಲೂ ಸಾಹೇಬರಿಗಿಂತ ಮುಂಚೆ ಹೋಗಬೇಕು. ಒಲೆ ಹಚ್ಚಿ, ಸ್ನಾನದ ನೀರು ಕಾಯಿಸಿ, ಚಹಾ ಸಿದ್ಧಮಾಡಿಟ್ಟಿರಬೇಕು. ಹಾಗಾಗಿ ಪಾತ್ರೆ, ಅಕ್ಕಿ, ಬೇಳೆಗಳನ್ನು ಹೇರೆತ್ತುಗಳ ಮೇಲೆ ಹೊರಿಸಿಕೊಂಡು ನಾನು ಮೊದಲು ಹತ್ತಿದೆ. ದಾರಿ ಅನ್ನುವುದೇ ಇರಲಿಲ್ಲ. ಮಳೆಗಾಲದಲ್ಲಿ ನೀರು ಇಳಿಯುವ ಕೊರಕಲನ್ನೇ ಬೇಸಿಗೆಯಲ್ಲಿ ದಾರಿ ಮಾಡಿಕೊಂಡಿದ್ದರು. ಒಂದು ಕಡೆ ಎತ್ತುಗಳ ಹೇರನ್ನೆಲ್ಲ ಇಳಿಸಿ, ಬಂಡೆಯ ಸಂದಿಯಲ್ಲಿ ಎತ್ತುಗಳನ್ನು ಒಂದೊಂದಾಗಿ ದಾಟಿಸಿ, ಹಂಡೆಗಳನ್ನು ಕೈಯಿಂದ ಕೈಗೆ ಸಾಗಿಸಬೇಕಾಯಿತು.

ಮೇಲೆ ಹೋದರೆ ಊರು ಅಂದರೆ ಇಷ್ಟೇ: ಬಂಡೆಗೆ ಬೆನ್ನುಕೊಟ್ಟು ಕೂತ ಕೆಲವು ಮನೆಗಳು. ಕಲ್ಲುಮಣ್ಣಿನ ಗೋಡೆ, ಮೇಲೆ ಬೋದೆ ಹುಲ್ಲು. ಬಂಡೆಗಳ ನಡುವೆ ಎಲ್ಲಿ ಒಂದು ಕಂಬಳಿ ಹಾಸುವಷ್ಟು ಮಣ್ಣಿದೆಯೋ ಅಲ್ಲೆಲ್ಲ ರಾಗಿ ಬಿತ್ತಿ ಕೊಯ್ದ ಕೂಳೆ. ಹುಣಸೆ, ಸೀಗೆ, ಜೇನು ಇವನ್ನು ತಲೆಯ ಮೇಲೆ ಹೊತ್ತು ಸಂತೆಗೆ ಇಳಿದು, ಉಪ್ಪು, ಬಟ್ಟೆ ಕೊಂಡು ಹತ್ತಿ ಬರುವ ಜನ. ಒಬ್ಬನಿಗೆ ಕರಡಿ ಹಿಡಿದು ಅರ್ಧ ಮುಖವೇ ಇರಲಿಲ್ಲ. ಅವನೇ ನನಗೆ ಕಟ್ಟಿಗೆ ಒಡೆದುಕೊಟ್ಟ, ಉಳಿದರ್ಧ ಮುಖದಲ್ಲಿ ನಗುತ್ತಾ.

ಊರ ಗೌಡರು ಎದುರು ಬಂದರು. ಒಣಕಲು ದೇಹ, ಒಗೆದು ಹಳದಿಯಾದ ರುಮಾಲು. ನಮಗೆ ಬಿಡಾರಕ್ಕೆಂದು ಒಂದು ಹಳೆಯ ಕಲ್ಲುಮಂಟಪವನ್ನು ಗುಡಿಸಿ, ಸಾರಿಸಿ, ರಂಗೋಲಿ ಇಡಿಸಿದ್ದರು. ನಾನು ಮೊದಲು ಕೇಳಿದ್ದು ನೀರು ಎಲ್ಲಿ ಎಂದು.

"ನೀರ್ಗೆ ಯೋಚ್ನೆ ಮಾಡ್‌ಬ್ಯಾಡಿ ಸಾಬ್ರೇ. ಮೇಲುಕ್ ದೊಣೆ ಐತೆ, ಸಿಹಿನೀರು. ನೀವ್ ಕೇಳ್ದಷ್ಟು ನಮ್ ಹೆಂಗಸ್ರು ತಂದ್ ಸುರೀತಾರೆ" ಅಂದರು.

ಬೆಟ್ಟದ ಮೇಲಿನ ಬಂಡೆಯಲ್ಲಿ ತಾನಾಗಿ ಆದ ಆಳದ ಗುಂಡಿಗೆ ನಮ್ಮ ಕಡೆ ದೊಣೆ ಅನ್ನುತ್ತಾರೆ. ಮಳೆಯ ನೀರು ಅದರಲ್ಲಿ ನಿಂತು ವರ್ಷವೆಲ್ಲ ತಣ್ಣಗಿರುತ್ತದೆ. ನೀರು ನೋಡದೆ ಅಡುಗೆ ಮಾಡುವುದು ನನ್ನ ಪದ್ಧತಿಯಲ್ಲ. ಕೊಡ ಹಿಡಿದು ಹೊರಟೆ. ಗೌಡರು ಎರಡು ಕೈಯನ್ನೂ ಅಡ್ಡ ಚಾಚಿದರು.

"ನೀವ್ ದೊಣೆ ತಾವ ಮಾತ್ರ ಬರಬ್ಯಾಡಿ. ದಯಮಾಡಿ."

ನಾನು ನಿಂತುಬಿಟ್ಟೆ. ಈ ಮಾತು ನನಗೆ ಹೊಸದಲ್ಲ. ಎಷ್ಟೋ ಊರುಗಳಲ್ಲಿ ಬಾವಿಯ ಕಟ್ಟೆಯಿಂದ ದೂರ ನಿಂತು ಬೊಗಸೆಯೊಡ್ಡಿದ್ದೇನೆ. ಆದರೆ ಆ ದಿನ, ಅಷ್ಟು ಬೆಟ್ಟ ಹತ್ತಿ ಬಂದವನಿಗೆ, ರಂಗೋಲಿ ಇಟ್ಟು ಕರೆದವರು ಹಾಗಂದಾಗ ಚುರ್ ಎಂದಿತು. ಆಗಲಿ ಗೌಡ್ರೇ, ನೀವೇ ತಂದು ಸುರೀರಿ, ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದೆ.

ನೀರು ಹೊತ್ತು ಬಂದವರಲ್ಲಿ ಮುಂದಾಳು ಗೌಡರ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದ ಹೆಂಗಸು, ತಲೆಗೂದಲು ನೆತ್ತಿಯ ಮೇಲೆ ಸವೆದುಹೋಗಿತ್ತು. ಮಾತು ಕಡಿಮೆ. ಹಂಡೆ ತುಂಬಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಬೇಕಾ ಸಾಬ್ರೇ?" ಅನ್ನುವಳು. ಬೇಕು ಅನ್ನುವೆ. ಬೇಕಾಗಿತ್ತು ಅನ್ನುವುದು ಅರ್ಧ ನಿಜ. ತಾಮ್ರದ ಪಾತ್ರೆಗಳನ್ನು ಹುಣಸೆ ಹಾಕಿ ಉಜ್ಜಿ, ಒಂದು ಸಲ ತೊಳೆದರೆ ಸಾಕಾಗುವುದನ್ನು ಮತ್ತೆ ಮತ್ತೆ ತೊಳೆದೆ. ಮಂಟಪದ ಮುಂದಿನ ಧೂಳು ಏಳದಂತೆ ನೀರು ಚಿಮುಕಿಸಿದೆ. ಸಾಹೇಬರ ಸ್ನಾನಕ್ಕೊಂದು ಹಂಡೆ, ಗುಮಾಸ್ತರಿಗೊಂದು, ಎರಡು ತಟ್ಟು ಕುದುರೆಗಳಿಗೆ, ಎತ್ತುಗಳಿಗೆ ಬೇರೆ. ನನ್ನ ನೆರಳು ಬಿದ್ದರೆ ಮೈಲಿಗೆಯಾಗುವ ನೀರು ನನ್ನ ಒಂದು ಮಾತಿಗೆ ಓಡಿ ಬರುತ್ತದಲ್ಲ ಎಂಬ ಸಣ್ಣ ಸುಖ ನನಗೆ. ಕೇಳಿದ್ದಕ್ಕೆ ಒಮ್ಮೆಯೂ ಯಾರೂ ಇಲ್ಲ ಅನ್ನಲಿಲ್ಲ. ಹಂಡೆಗಳು ಯಾವಾಗಲೂ ಕಂಠಮಟ್ಟ ತುಂಬಿರುತ್ತಿದ್ದವು.

ಕಣಿವೆಯ ಗಾಳಿ ಒಲೆಯನ್ನು ಉರಿಯಲು ಬಿಡಲಿಲ್ಲ. ಮಂಟಪದ ಹಿಂದೆ ನೆಲ ಅಗೆದು ಗುಂಡಿಒಲೆ ಮಾಡಿ, ಗಾಳಿಯ ಕಡೆ ಕಲ್ಲು ಒಟ್ಟಿದೆ. ಬೇಳೆ ತೊಳೆದು ನೆನೆಹಾಕಿ, ನೀರು ಕುದಿಯುವಾಗ ಬಿಟ್ಟು, ನೊರೆ ತೆಗೆದು, ಅರಿಶಿನ ಮತ್ತು ನಾಲ್ಕು ಹನಿ ಹರಳೆಣ್ಣೆ ಹಾಕಿ ಮುಚ್ಚಿದೆ. ತೆಗೆದು ನೋಡಿದರೆ ನಾನೇ ಬೆರಗಾದೆ. ಕಡೆಯುವ ಅಗತ್ಯವೇ ಇರಲಿಲ್ಲ. ಸೌಟು ಮುಟ್ಟಿಸಿದರೆ ಹರಿಯುತ್ತಿತ್ತು. ಮಳೆಯ ನೀರಿನ ಗುಣ ಅದು.

ಸಾಹೇಬರು ಊಟ ಮಾಡಿ ಕೈ ತೊಳೆಯುತ್ತಾ, "ಬಹಳ ದಿನಕ್ಕೆ ಹೊಟ್ಟೆ ತಣ್ಣಗಾಯ್ತು ಕಣಯ್ಯ" ಅಂದರು. ಗುಮಾಸ್ತರು ನನ್ನ ಬೆನ್ನು ತಟ್ಟಿದರು. ಗೌಡರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ತಮ್ಮ ಮನೆಯ ಮದುವೆ ಸುಸೂತ್ರವಾಗಿ ಮುಗಿದವರ ಹಾಗೆ ಅವರ ಮುಖದಲ್ಲಿ ತೃಪ್ತಿ ಇತ್ತು.

ಮರುದಿನ ಬೆಳಿಗ್ಗೆ ಸಾಹೇಬರು ಒಡೆದ ಕಟ್ಟೆ ನೋಡಲು ಹೋದರು. ಸರಪಳಿ ಹಿಡಿಸಿ ಅಳತೆ ಮಾಡಿಸಿದರು. ನಾನು ನಿನ್ನೆಯಂತೆಯೇ ಬೇಳೆಗೆ ಇಟ್ಟೆ. ನಿನ್ನೆಯ ಬೇಳೆಯೇ, ನಿನ್ನೆಯ ಪಾತ್ರೆಯೇ, ನಿನ್ನೆಯ ಕೈಯೇ. ಆದರೆ ಬೇಳೆ ಅರಳಲಿಲ್ಲ. ಅನ್ನ ಬಸಿದಾಯಿತು, ಕೋಳಿ ತಿಳಿ ಸೋಸಿದ್ದಾಯಿತು, ಬೇಳೆ ಮಾತ್ರ ಮಣಿಯಂತೆ ನೀರಿನಲ್ಲಿ ಕುಣಿಯುತ್ತಿತ್ತು. ಉರಿ ಹೆಚ್ಚಿಸಿದೆ, ಮತ್ತೆ ಹರಳೆಣ್ಣೆ ಬಿಟ್ಟೆ, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಚಿಟಿಕೆ ಸೋಡ ಹಾಕಿದೆ. ಒಡೆಯಿತೇ ಹೊರತು ಕರಗಲಿಲ್ಲ. ಮೇಲೆ ಸೋಡದ ವಾಸನೆ ಬೇರೆ. ಪಾತ್ರೆಯ ಅಂಚಿನಲ್ಲಿ ಸುಣ್ಣದಂತೆ ಬಿಳಿ ಗೆರೆ ಕಟ್ಟಿತ್ತು. ಆಗ ತಿಳಿಯಿತು, ಇದು ನಿನ್ನೆಯ ನೀರಲ್ಲ. ಎಲ್ಲಿಯದೋ ಗಡಸು ನೀರು.

ಸಾಹೇಬರು ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ನಿನ್ನೆ ಮಾಡಿದವನು ನೀನೇ ತಾನೆ?" ಎಂದಷ್ಟೇ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂಜೆಯ ಹೊತ್ತಿಗೆ ಹೊಟ್ಟೆ ಹಿಡಿದು ಮಲಗಿದರು. ಗುಮಾಸ್ತರು ಬಂದು, "ರಾತ್ರಿ ಊಟವೂ ಹೀಗಾದ್ರೆ ನೀನು ಮುಂದೆ ಬರೋದೇ ಬೇಡ" ಎಂದು ಹೋದರು.

ಆ ಕೋಪವೆಲ್ಲ ನಾನು ತೀರಿಸಿಕೊಂಡಿದ್ದು ಗೌಡರ ಅಕ್ಕನ ಮೇಲೆ. ಆಕೆ ಕೊಡ ಇಳಿಸುತ್ತಿದ್ದಾಗ ಹೋಗಿ ನಿಂತೆ.

"ಇದೆಲ್ಲೀದಮ್ಮ ನೀರು?"

"ಯಾಕ್ ಸಾಬ್ರೇ?"

"ನಿನ್ನೆ ತಂದಿದ್ದು ಇದಲ್ಲ. ಇದರಲ್ಲಿ ಬೇಳೆ ಬೇಯಲ್ಲ. ನನಗೆ ನಿನ್ನೆ ನೀರೇ ಬೇಕು, ದೊಣೆ ನೀರು."

ಆಕೆ ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸಿನ ಮುಖ ನೋಡಿದಳು. ಅವಳು ತಲೆ ತಗ್ಗಿಸಿದಳು. "ನಾಳಿಕ್ ತಂದ್ ಕೊಟ್ರೆ ಆಗಾಕಿಲ್ವಾ ಸಾಬ್ರೇ?" ಎಂದು ಗೌಡರ ಅಕ್ಕ ಮೆಲ್ಲಗೆ ಕೇಳಿದಳು.

ನನಗೆ ಬೇರೆಯದೇ ಅರ್ಥ ಆಯಿತು. ನನ್ನ ಕೈಗೆ ಕೊಡಲು ಇವರಿಗೆ ದೊಣೆಯ ನೀರು ಹೆಚ್ಚಾಯಿತು, ಎಲ್ಲಿಂದಲೋ ಕೊಚ್ಚೆ ತಂದು ಸುರಿಯುತ್ತಿದ್ದಾರೆ ಎಂದುಕೊಂಡೆ. "ಊಟ ಮಾಡೋರು ಸಾಹೇಬ್ರು ಕಣಮ್ಮ, ನಾನಲ್ಲ! ದೊಣೆ ನೀರು ಕೊಡಕ್ಕೆ ನಿಮಗೆ ಮನಸ್ಸಿಲ್ದಿದ್ರೆ ಹೇಳ್ಬಿಡಿ. ನಾನು ಹೋಗಿ ಅವರಿಗೇ ಹೇಳ್ತೀನಿ. ಕಟ್ಟೆ ಕಟ್ಟಿಸ್ಕೊಡೋರು ಅವರೇ ತಾನೆ?"

ಆಕೆ ಕೊಡ ಎತ್ತಿಕೊಂಡಳು. "ಹಂಗ್ ಹೇಳ್‌ಬ್ಯಾಡಿ. ಒಸಿ ತಡ್ಕಳಿ, ತತ್ತೀನಿ" ಎಂದು ಹೋದಳು. ಬರುವಾಗ ಬೇರೆ ಕೊಡ ತಂದಳು. ಹಿತ್ತಾಳೆಯದು, ಬಾಯಿಗೆ ಬಟ್ಟೆ ಕಟ್ಟಿತ್ತು. ಬಗ್ಗಿಸಿ ರುಚಿ ನೋಡಿದೆ. ಅದೇ ಸಿಹಿನೀರು. ನೋಡಿದಿರಾ, ಇತ್ತು, ಎಂದು ಮನಸ್ಸಿನಲ್ಲೇ ಗೆದ್ದೆ.

ಆ ಸಂಜೆಯ ಬೇಳೆ ಕರಗಿತು. ಸಾಹೇಬರು ಎದ್ದು ಕೂತು ನಿಧಾನವಾಗಿ ಊಟ ಮಾಡಿದರು. ಬಣ್ಣ ಬಂತು ಮುಖಕ್ಕೆ. ನಾನು ಎರಡನೆಯ ಸಲ ಬಡಿಸುತ್ತಿದ್ದಾಗ ಗುಮಾಸ್ತರಿಗೆ ಹೇಳುತ್ತಿದ್ದರು:

"ಇಷ್ಟು ಒಳ್ಳೆಯ ನೀರು ಬೆಂಗಳೂರಲ್ಲೂ ಸಿಗೋದಿಲ್ಲ. ಈ ಬೇಸಿಗೇಲಿ, ಬೆಟ್ಟದ ತಲೆ ಮೇಲೆ, ಹಂಡೆಗಟ್ಟಲೆ ಇದೆ. ಬಂದಾಗಿನಿಂದ ನೋಡ್ತಿದ್ದೀನಿ, ಒಂದು ಹೊತ್ತೂ ಕೊರತೆ ಕಾಣಲಿಲ್ಲ. ಇವರಿಗೆ ಕಟ್ಟೆಯ ಅವಸರ ಇಲ್ಲ. ಹಾಗೇ ಬರೀರಿ. ನಿಜವಾಗಿ ನೀರಿಲ್ಲದ ಊರು ಬೇಕಾದಷ್ಟಿವೆ."

ಗುಮಾಸ್ತರು ಆಗಲೇ ಬರೆದುಕೊಂಡರು. ನಾನು ಕೇಳಿಸಿಕೊಂಡೆ. ಏನೂ ಅನ್ನಿಸಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟು ಮಲಗಿದೆ. ಇಷ್ಟು ವರ್ಷದ ಮೇಲೆ ನೆನೆಸಿಕೊಂಡರೆ, ಆ ಹೆಂಗಸನ್ನು ಬೈದಿದ್ದಕ್ಕಿಂತ ಆ ನಿದ್ದೆಯೇ ನನ್ನನ್ನು ಹೆಚ್ಚು ಕುಗ್ಗಿಸುತ್ತದೆ.

ಬೆಳಿಗ್ಗೆ ಹೊರಡಬೇಕು. ಇಳಿಯುವ ಮೊದಲು ಸಾಹೇಬರಿಗೆ ಸ್ನಾನ, ಚಹಾ, ದಾರಿಯ ಬುತ್ತಿ. ಹಂಡೆಯಲ್ಲಿ ತಳದ ನೀರಷ್ಟೇ ಇತ್ತು. ಹೆಂಗಸರು ಬರಲಿಲ್ಲ. ಬಿಸಿಲೇರಿತು, ಬರಲಿಲ್ಲ. ಸಿಟ್ಟಿನಿಂದ ಕೊಡ ತೆಗೆದುಕೊಂಡು, ಗೌಡರ ಮಾತನ್ನು ಪಕ್ಕಕ್ಕಿಟ್ಟು, ಕಾಲುಜಾಡು ಹಿಡಿದು ದೊಣೆಯ ಕಡೆ ನಾನೇ ಹತ್ತಿದೆ.

ಬಂಡೆಯ ಮರೆ ತಿರುಗಿದ ಕೂಡಲೇ ಕಂಡಿತು. ದೊಣೆಯ ಸುತ್ತ ಊರಿನ ಹೆಂಗಸರೆಲ್ಲ ಕೂತಿದ್ದರು. ಪಕ್ಕದಲ್ಲಿ ಖಾಲಿ ಕೊಡಗಳು ಸಾಲಾಗಿದ್ದವು. ನಾನು ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಆಳದಲ್ಲಿ, ಬಂಡೆಯ ಹೊಟ್ಟೆಯಲ್ಲಿ, ಗೌಡರ ಅಕ್ಕ ಕುಕ್ಕರುಗಾಲಲ್ಲಿ ಕೂತು ತೆಂಗಿನ ಚಿಪ್ಪಿನಿಂದ ಕೆಸರನ್ನು ಕೆರೆಯುತ್ತಿದ್ದಳು. ಕೆರೆದದ್ದನ್ನು ಬಟ್ಟೆಯ ಮೇಲೆ ಸುರಿದು ಹಿಂಡುತ್ತಿದ್ದಳು. ಬಟ್ಟೆಯ ಕೆಳಗಿನ ಕೊಡದಲ್ಲಿ ತೊಟ್ಟು ತೊಟ್ಟಾಗಿ ಬೀಳುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಗೋಡೆಯ ಮೇಲೆ ಒಂದಾಳೆತ್ತರಕ್ಕೆ ಹಸಿ ಗುರುತು ಇನ್ನೂ ಆರಿರಲಿಲ್ಲ. ನಾವು ಬರುವ ಮುಂಚೆ ನೀರು ಅಲ್ಲಿಯವರೆಗೆ ಇತ್ತು.

ನನ್ನ ನೆರಳು ಒಳಗೆ ಬಿತ್ತು. ಆಕೆ ತಲೆಯೆತ್ತಿ ನೋಡಿ, ಕೆಸರಾದ ಕೈಯಿಂದಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಬರಬ್ಯಾಡಿ ಅಂದಿದ್ನಲ್ಲ ನನ್ ತಮ್ಮ. ಬಂದ್ಬುಟ್ರಾ?" ಅಂದಳು. ಅದರಲ್ಲಿ ಬೈಗುಳವಿರಲಿಲ್ಲ. ಬಟ್ಟೆ ಸರಿಯಾಗಿಲ್ಲದ ಹೊತ್ತಿನಲ್ಲಿ ಯಾರೋ ಒಳಗೆ ಬಂದುಬಿಟ್ಟರೆ ಹೇಗೆ ಹೇಳುತ್ತಾರೋ ಹಾಗಿತ್ತು.

ಮಿಕ್ಕದ್ದನ್ನು ಅಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಹೇಳಿದರು. ಬೇಸಿಗೆಯಲ್ಲಿ ದೊಣೆಯ ನೀರು ದಿನ ಬಿಟ್ಟು ದಿನ ಮನೆಗೊಂದು ಕೊಡ. ಅದು ಕುಡಿಯುವುದಕ್ಕೆ ಮಾತ್ರ. ಹಾಗೆ ಕಟ್ಟುಮಾಡಿಕೊಂಡರೆ ಭರಣಿ ಮಳೆಯವರೆಗೆ ಹೇಗೋ ಸಾಗುತ್ತದೆ. ದನಕ್ಕೆ, ಒಗೆಯುವುದಕ್ಕೆಲ್ಲ ಬೆಟ್ಟದ ಬುಡದ ಬಾವಿ. ಆ ಬಾವಿಯ ನೀರು ಗಡಸು. ನಾವು ಬಂದ ದಿನವೇ ದೊಣೆಯ ತಳ ಕಂಡುಬಿಟ್ಟಿತು. ಎರಡನೆಯ ದಿನ ಈ ಹೆಂಗಸರೆಲ್ಲ ಬುಡಕ್ಕೆ ಇಳಿದು, ನಾವು ಹತ್ತಿ ಬಂದ ಅದೇ ಕೊರಕಲಲ್ಲಿ ಕೊಡ ಹೊತ್ತು ಹತ್ತಿ, ಹಂಡೆ ತುಂಬಿಸಿದ್ದರು. ನಾನು ಆ ನೀರನ್ನೇ ಕೊಚ್ಚೆ ಎಂದುಕೊಂಡಿದ್ದೆ.

"ಮತ್ತೆ ನಿನ್ನೆ ಸಂಜೆ ತಂದಿದ್ದು?" ಎಂದು ಕೇಳಿದೆ.

ಒಬ್ಬಳು, "ಅಕ್ಕಯ್ಯನ ಮಗ್ಳು ಹೆತ್ತವ್ಳೆ ಸಾಬ್ರೇ, ಹಸೀ ಬಾಣಂತಿ. ಅವಳಿಗ್ ಅಂತ ಎತ್ತಿಟ್ಟಿದ್ದ ನೀರು ಅದು" ಅಂದಳು.

ಬಂಡೆಯ ಮೇಲೆ ಕೂತೆ. "ನನಗೆ ಬರಬೇಡಿ ಅಂದಿದ್ದು ನಾನು ಸಾಬಿ ಅಂತಲ್ವಾ?" ಎಂಬ ಮಾತು ತಾನಾಗಿ ಬಾಯಿಂದ ಬಂತು.

ಆಕೆ ಕೆಳಗಿನಿಂದ ನನ್ನನ್ನೇ ನೋಡಿದಳು. "ಅಯ್ಯೋ, ಅದ್ಕಲ್ಲ. ತಳ ಕಂಡೋಗ್ತದೆ ಅಂತ. ಮನೆಗ್ ಬಂದೋರ್ಗೆ ನಮ್ ದೊಣೆ ತಳ ತೋರ್ಸಕ್ಕಾಯ್ತದಾ?"

"ನೀರಿಲ್ಲ ಅಂತ ಅರ್ಜಿ ಕೊಟ್ಟೋರೇ ನೀವಲ್ವೇನಮ್ಮ?"

"ಅರ್ಜೀಲಿ ಬರ್ಸಿದ್ದೋ. ಅದ ಓದ್ಕಂಡೇ ಬಂದವ್ರೆ ಅಂತಿದ್ದೋ" ಅಂದಳು ಆಕೆ. "ಬಂದ್ ಮೇಲೆ ಒಂದ್ ಚೊಂಬು ನೀರ್ಗೂ ಅವರ ಕೈಲಿ ಕೇಳ್ಸ್‌ಕಬಾರ್ದು ಅಂತ ತಮ್ಮ ಹೇಳಿದ್ದ."

ಓಡಿದೆ. ಗೌಡರು ಮಂಟಪದ ಬಳಿ ಹೇರು ಕಟ್ಟಿಸುತ್ತಿದ್ದರು. ಅವರನ್ನು ಬಂಡೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ನಿನ್ನೆ ಸಾಹೇಬರು ಬರೆಸಿದ್ದನ್ನು ಹೇಳಿದೆ. ಅವರು ರುಮಾಲಿನ ತುದಿ ಹಿಡಿದುಕೊಂಡು ನಿಂತರು.

"ಈಗ್ಲೇ ಹೋಗಿ ಹೇಳಿ ಗೌಡ್ರೇ. ದೊಣೆ ತೋರಿಸಿ."

"ಏನಂತ ಹೇಳ್ಲಿ? ಎರಡ್ ದಿನ ಹಂಡೆ ತುಂಬ್ಸಿ ಇವತ್ತು ಇಲ್ಲ ಅಂದ್ರೆ, ಬರ್ದಿದ್ದ ನೋಡಿ ನಾಟ್ಕ ಆಡ್ತಾವ್ನೆ ಅನ್ನಾಕಿಲ್ವಾ?"

"ಹಾಗಾದ್ರೆ ನಾನು ಹೇಳ್ತೀನಿ."

ಗೌಡರು ನನ್ನ ಎರಡು ಕೈಯನ್ನೂ ಹಿಡಿದುಕೊಂಡರು. "ಬ್ಯಾಡಿ ಸಾಬ್ರೇ. ಕಟ್ಟೆ ಹೋದ್ರೆ ಹೋಗ್ಲಿ. ಉಣ್ಣಕ್ ಇಕ್ಬುಟ್ಟು ಆಮೇಲೆ ಲೆಕ್ಕ ಹೇಳ್ದ ಅನ್ನಿಸ್ಕಂಡು ನಾನ್ ಬದ್ಕಿರಕ್ಕಾಗಲ್ಲ."

ನಾನು ಸುಮ್ಮನಾದೆ. ಅವರ ಮಾನ, ಅವರ ಊರು, ನಾನು ಯಾರು ನಡುವೆ ಎಂದು ಒಂದು ಕಡೆ. ಹೇಳಿದರೆ ನನ್ನ ಅಡುಗೆಯ ಬಣ್ಣವೂ ಬಯಲಾಗುತ್ತದೆ, ನಾಳೆ ಯಾರೂ ಕರೆಯುವುದಿಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಸಾಹೇಬರಿಗೆ ತಳದ ನೀರಲ್ಲಿ ಚಹಾ ಮಾಡಿಕೊಟ್ಟೆ. ಸ್ನಾನ ಕೆಳಗೆ ಹೋದ ಮೇಲೆ ಎಂದು ಏನೋ ನೆಪ ಹೇಳಿದೆ. ಅವರು ತಟ್ಟುವನ್ನು ಹಿಡಿಸಿಕೊಂಡು ಗುಮಾಸ್ತರ ಜೊತೆ ಮುಂದೆ ಇಳಿದರು. ಗೌಡರು ಅವರ ಹಿಂದೆ ಹೋದರು.

ನಾನು ಪಾತ್ರೆಗಳನ್ನು ಕಟ್ಟಿಸಿ ಹೊರಡುವ ಹೊತ್ತಿಗೆ ಊರಲ್ಲಿ ಸದ್ದು ಶುರುವಾಯಿತು. ಮನೆಗಳ ಬಾಗಿಲಿಗೆ ಮುಳ್ಳು ಎಳೆಯುತ್ತಿದ್ದರು. ದನಗಳನ್ನು ಬಿಚ್ಚುತ್ತಿದ್ದರು. ರಾಗಿಯ ಮೂಟೆ, ಬೀಸುವ ಕಲ್ಲು, ಕೋಳಿಯ ಪಂಜರ ಎಲ್ಲ ತಲೆಯ ಮೇಲೆ ಏರುತ್ತಿದ್ದವು. ಕಟ್ಟಿಗೆ ಒಡೆದುಕೊಟ್ಟಿದ್ದ ಆ ಅರ್ಧ ಮುಖದವನನ್ನು ಕೇಳಿದೆ. ಮಳೆ ಬರುವ ತನಕ ಇನ್ನು ಬುಡದ ಬಾವಿಯ ಹತ್ತಿರ ಗುಡಿಸಲು ಹಾಕಿಕೊಂಡು ಇರಬೇಕು ಎಂದ. ಇನ್ನೇನು ಮಾಡುವುದು ಎಂಬಂತೆ, ಮಾಮೂಲಿ ಕೆಲಸದ ಹಾಗೆ ಹೇಳಿದ.

ಬಾಣಂತಿಯನ್ನು ಕಂಬಳಿಯಲ್ಲಿ ಮಲಗಿಸಿ, ಬಿದಿರಿನ ಗಳುವಿಗೆ ಕಟ್ಟಿ ಹೊರಡಿಸಿದ್ದರು. ಮಗು ಅವಳ ಎದೆಯ ಮೇಲೆ. ಗಂಡಸರು ಅರ್ಧಕ್ಕರ್ಧ ನಮ್ಮ ಪೆಟ್ಟಿಗೆಗಳನ್ನು ಹೊತ್ತು ಮುಂದೆ ಹೋಗಿದ್ದರು. ಗಳುವಿನ ಮುಂದಿನ ತುದಿ ಒಬ್ಬನ ಹೆಗಲ ಮೇಲಿತ್ತು. ಹಿಂದಿನ ತುದಿಯನ್ನು ಗೌಡರ ಅಕ್ಕನೇ ಎತ್ತಲು ನೋಡುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತೆ. ಕೈಚಾಚಲು ಧೈರ್ಯ ಬರಲಿಲ್ಲ.

"ಸುಮ್ಕೆ ಯಾಕ್ ನಿಂತಿದೀರಾ ಸಾಬ್ರೇ? ಹಿಡ್ಕಳಿ" ಅಂದಳು.

ಹಿಡಿದುಕೊಂಡೆ. ಇಳಿಜಾರಿನಲ್ಲಿ ಹಿಂದಿನವನು ಬಗ್ಗಿ ನಡೆಯಬೇಕು, ಇಲ್ಲದಿದ್ದರೆ ಕಂಬಳಿ ಮುಂದಕ್ಕೆ ಜಾರುತ್ತದೆ. ಆಕೆ ಪಕ್ಕದಲ್ಲೇ ನಡೆಯುತ್ತಾ ಎಲ್ಲಿ ಕಾಲಿಡಬೇಕು ಎಂದು ಹೇಳುತ್ತಿದ್ದಳು. ಒಂದು ಕಡೆ ನಿಂತಾಗ, ಕೆಳಗಿನ ಊರುಗಳವರು ಇಲ್ಲಿಗೆ ಹೆಣ್ಣು ಕೊಡುವುದಿಲ್ಲ, ನೀರು ಹೊತ್ತು ಹುಡುಗಿಯರ ನೆತ್ತಿ ಸವೆಯುತ್ತದೆ ಅನ್ನುತ್ತಾರೆ, ಎಂದು ತನ್ನ ನೆತ್ತಿ ಸವರಿಕೊಂಡು ಸಣ್ಣಗೆ ನಕ್ಕಳು. ನಿನ್ನೆ ನಾನು ಬೈದ ಮಾತನ್ನು ಆಕೆ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಬುಡದಲ್ಲಿ, ಬಾವಿಯ ಹತ್ತಿರದ ಮರದ ನೆರಳಿನಲ್ಲಿ ಸಾಹೇಬರು ಗಾಡಿಗೆ ಕಾಯುತ್ತಾ ಕೂತಿದ್ದರು. ದನಕರು, ಮೂಟೆ, ಮಕ್ಕಳು, ಮುದುಕರು ಹೀಗೆ ಇಡೀ ಊರು ಕೊರಕಲಿನಿಂದ ಹೊರಬರುವುದನ್ನು ಅವರು ಬೆರಗಿನಿಂದ ನೋಡಿದರು.

"ಇದೇನು ಗೌಡ್ರೇ, ಇವರೆಲ್ಲ ಎಲ್ಲಿಗೆ ಹೊರಟಿದ್ದಾರೆ?"

ಗೌಡರು ಒಂದು ಕ್ಷಣ ಕೂಡ ತಡೆಯಲಿಲ್ಲ. ಕೈಮುಗಿದು, "ಬುದ್ಧಿಯವರ್ನ ಕಳಿಸ್ಕೊಡಕ್ಕೆ ಬಂದವ್ರೆ. ನಮ್ ಕಡೆ ಹಂಗೇಯ" ಅಂದರು.

ಸಾಹೇಬರ ಕಣ್ಣು ತೇವವಾಯಿತು. ನಾನು ಸುಳ್ಳು ಹೇಳುತ್ತಿಲ್ಲ. ಎದ್ದು ನಿಂತು ಜನರಿಗೆ ಕೈಮುಗಿದರು. ಆಗ ಹೆಗಲ ಮೇಲೆ ಗಳು ಹೊತ್ತು ಬರುತ್ತಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

"ನೀನೇನಯ್ಯ ಹೊತ್ತಿರೋದು?"

ಗೌಡರು ನನ್ನನ್ನು ನೋಡಿದರು. ಕಣ್ಣಿನಲ್ಲೇ ಬೇಡಿಕೊಂಡರು. ನಾನು ಗಳುವನ್ನು ಮೆಲ್ಲಗೆ ನೆಲಕ್ಕಿಳಿಸಿದೆ. ಕಂಬಳಿಯೊಳಗೆ ಮಗು ಅಳಲು ಶುರುಮಾಡಿತು.

"ಬಾಣಂತಿ, ಹುಜೂರ್" ಅಂದೆ. "ಇವರು ಕಳಿಸಿಕೊಡೋದಕ್ಕೆ ಬಂದಿಲ್ಲ. ಮೇಲೆ ನೀರು ಮುಗಿದುಹೋಯ್ತು. ನಾವೇ ಮುಗಿಸಿದ್ವಿ. ತಮ್ಮ ಸ್ನಾನಕ್ಕೆ, ಕುದುರೆಗೆ, ನನ್ನ ಪಾತ್ರೆ ತೊಳೆಯೋದಕ್ಕೆ. ನಿನ್ನೆ ರಾತ್ರಿ ತಾವು ಉಂಡ ಬೇಳೆ ಈ ಹುಡುಗಿಗೆ ಎತ್ತಿಟ್ಟ ನೀರಲ್ಲಿ ಬೆಂದದ್ದು. ನಾನೇ ಗದರಿಸಿ ತರಿಸಿದೆ."

ಸಾಹೇಬರು ಗೌಡರ ಕಡೆ ತಿರುಗಿದರು. ಗೌಡರು ನೆಲ ನೋಡುತ್ತಿದ್ದರು. ಆಮೇಲೆ ಸಾಹೇಬರು ಆ ಹೆಂಗಸಿನ ಕಡೆ ನೋಡಿ, "ಹೌದೇನಮ್ಮ?" ಎಂದು ಕೇಳಿದರು.

ಆಕೆ ತಮ್ಮನನ್ನು ನೋಡಿದಳು, ಮಗಳನ್ನು ನೋಡಿದಳು. "ದಿಟ ಬುದ್ಧಿ" ಅಂದಳು.

ಸಾಹೇಬರು ಕಂಬಳಿಯ ಹತ್ತಿರ ಬಂದು ಬಗ್ಗಿ ನೋಡಿದರು. ಹೆಂಗಸರು ಹೊತ್ತು ತಂದಿದ್ದ ಖಾಲಿ ಕೊಡಗಳನ್ನು ನೋಡಿದರು. ಅವರ ಕಿವಿಯ ತುದಿ ಕೆಂಪಾಗಿತ್ತು. "ನೀವು ನನಗೆ ಹೇಳಬೇಕಾಗಿತ್ತು ಗೌಡ್ರೇ" ಅಂದರು. ಗೌಡರು ತಲೆಯ ರುಮಾಲನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ದನಗಳ ಆಚೆ ಹೋಗಿ ನಮಗೆ ಬೆನ್ನು ಮಾಡಿ ಕೂತರು. ಅವರ ತಲೆ ಬರಿದಾಗಿದ್ದನ್ನು ಆ ಜನ ಹಿಂದೆ ನೋಡಿದ್ದರೋ ಇಲ್ಲವೋ. ಎಲ್ಲರೂ ಬೇರೆ ಕಡೆ ಮುಖ ತಿರುಗಿಸಿದರು.

ಸಾಹೇಬರು ಗುಮಾಸ್ತರಿಂದ ನಿನ್ನೆಯ ಕಾಗದ ತೆಗೆಸಿ ಹರಿದರು. ಮರದ ಕೆಳಗೆ ಕೂತು ತಾವೇ ಬೇರೆ ಬರೆದರು. ಮಧ್ಯಾಹ್ನ ಊಟ ಬೇಡ ಅಂದರು. ಗಾಡಿ ಬಂತು, ಹೊರಟೆವು. ನಾನು ಹೋಗಿ ಗೌಡರ ಎದುರು ನಿಂತು ಏನಾದರೂ ಹೇಳಬೇಕೆಂದುಕೊಂಡೆ. ಅವರು ಒಂದು ಕರುವಿನ ಕುತ್ತಿಗೆ ತುರಿಸುತ್ತಾ ಕೂತಿದ್ದರು. ತಲೆಯೆತ್ತಲಿಲ್ಲ. ಹೇಳದೆ ಬಂದೆ. ಸಾಹೇಬರು ನನ್ನನ್ನು ಕೆಲಸದಿಂದ ಬಿಡಿಸಲೂ ಇಲ್ಲ, ಮತ್ತೆ ಕರೆಯಲೂ ಇಲ್ಲ.

ಕಟ್ಟೆ ಆಯಿತು. ತಡವಾಗಿ ಆಯಿತು, ಸರ್ಕಾರದ ಕೆಲಸವಲ್ಲವೇ. ಅದು ನನಗೆ ತಿಳಿದದ್ದು ಗೌಡರ ಅಕ್ಕನಿಂದಲೇ. ಕೆಲವು ವರ್ಷ ಕಳೆದ ಮೇಲೆ ಚನ್ನಪಟ್ಟಣದ ಸಂತೆಯಲ್ಲಿ ಹುಣಸೆಹಣ್ಣಿನ ಕುಕ್ಕೆ ಮುಂದಿಟ್ಟುಕೊಂಡು ಕೂತಿದ್ದಳು. ನಾನು ಗುರುತು ಹಿಡಿಯುವ ಮೊದಲೇ ಅವಳೇ, "ಸಾಬ್ರೇ" ಎಂದು ಕೂಗಿದಳು. ಪಕ್ಕದಲ್ಲಿ ಒಂದು ಹೆಣ್ಣುಮಗು ಬೆಲ್ಲ ನೆಕ್ಕುತ್ತಾ ನಿಂತಿತ್ತು. ಅದೇ ಕಂಬಳಿಯ ಮಗು ಎಂದಳು. ಕಟ್ಟೆ ತುಂಬಿದೆ, ಬೇಸಿಗೆಯಲ್ಲೂ ಸೊಂಟದುದ್ದ ನೀರು ನಿಲ್ಲುತ್ತದೆ, ದನಗಳು ಅಲ್ಲೇ ಕುಡಿಯುತ್ತವೆ, ಈ ವರ್ಷ ಇಬ್ಬರು ಸೊಸೆಯಂದಿರು ಕೆಳಗಿನ ಊರುಗಳಿಂದ ಬಂದಿದ್ದಾರೆ ಎಂದು ಬಾಯ್ತುಂಬ ಹೇಳಿದಳು. ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಗೌಡ್ರು ಹೇಗಿದ್ದಾರಮ್ಮ?" ಎಂದು ಕೇಳಿದೆ.

"ಅವ್ನೆ, ಗಟ್ಟಿಯಾಗವ್ನೆ" ಅಂದಳು. ಹಣ್ಣನ್ನು ಕುಕ್ಕೆಯಲ್ಲಿ ಆ ಕಡೆ ಈ ಕಡೆ ಮಾಡಿದಳು. "ಕಟ್ಟೆ ನೀರ್ ಮಾತ್ರ ಬಾಯ್ಗ್ ಹಾಕಾಕಿಲ್ಲ. ಊರೆಲ್ಲ ಕುಡೀತದೆ, ಅವ್ನ್ ಒಬ್ಬ ಕುಡಿಯಾಕಿಲ್ಲ. ದಿನಾ ಚೊಂಬು ಹಿಡ್ಕಂಡು ದೊಣೆಗೆ ಹತ್ತಾನೆ."

ಆಕೆ ಒಂದು ಹಿಡಿ ಹುಣಸೆಹಣ್ಣು ತೆಗೆದು, ನಾನು ಬೇಡ ಅಂದರೂ ಕೇಳದೆ, ನನ್ನ ವಲ್ಲಿಯ ತುದಿಗೆ ಕಟ್ಟಿದಳು.